ಇಂಟರ್ನೆಟ್ ಇಲ್ಲದ ಆಶ್ರಮ ಶಾಲೆಗೆ ಮುಕ್ತ ತಂತ್ರಾಂಶ: ಪ್ರಶ್ನೋತ್ತರ

ಪ್ರಶ್ನೆ (ಶಿಕ್ಷಕಿ, ಕಾರ್ಕಳ ತಾಲೂಕು): ನಮ್ಮದು ಘಟ್ಟದ ಬುಡದ ಆಶ್ರಮ ಶಾಲೆ. 1ರಿಂದ 5ನೇ ತರಗತಿ, 46 ಮಕ್ಕಳು. ಕೊರಗ ಮತ್ತು ಮಲೆಕುಡಿಯ ಬುಡಕಟ್ಟಿನ ಮಕ್ಕಳೇ ಹೆಚ್ಚು. 4 ಜಿಬಿ ರ್‍ಯಾಮ್‌ನ ಹಳೆಯ ಡೆಸ್ಕ್‌ಟಾಪ್ ಒಂದು, ಆಂಡ್ರಾಯ್ಡ್ ಟ್ಯಾಬ್ 12 ಉಂಟು. ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತದೆ. ಹಣ ಕೊಡದೆ ಬಳಸಬಹುದಾದ ತಂತ್ರಾಂಶ ಯಾವುದು, ಹೇಗೆ ಹಾಕುವುದು?

ಉತ್ತರ (ಶಾಲಾ ಕಂಪ್ಯೂಟರ್ ತಂತ್ರಜ್ಞ, ಮಂಗಳೂರು): ಟೀಚರ್, ಹೊಸ ಕಂಪ್ಯೂಟರ್ ಕೊಳ್ಳುವುದು ಬೇಡ, ಆ ಡೆಸ್ಕ್‌ಟಾಪೇ ಸರ್ವರ್ (ಟ್ಯಾಬ್‌ಗಳಿಗೆ ಪಾಠ ಕೊಡುವ ಯಂತ್ರ) ಆಗುತ್ತದೆ. ವಿಂಡೋಸ್‌ನಂತೆ ಯಂತ್ರ ನಡೆಸುವ ಉಚಿತ ಲಿನಕ್ಸ್ ಆದ ಡೆಬಿಯನ್ ಹಾಕಿ, ಪರದೆಯ ವಿನ್ಯಾಸ (ಡೆಸ್ಕ್‌ಟಾಪ್ ಪರಿಸರ) ಯಾವುದು ಎಂದು ಕೇಳಿದಾಗ ಎಕ್ಸ್‌ಎಫ್‌ಸಿಇ ಆರಿಸಿ. 4 ಜಿಬಿಗೆ ಹಗುರ. ಅದರ ಮೇಲೆ ಕೋಲಿಬ್ರಿ. ಇದು ನೆಟ್ ಇಲ್ಲದ ಶಾಲೆಗಳಿಗೆಂದೇ ಮಾಡಿದ ತಂತ್ರಾಂಶ. ಪಾಠ, ವೀಡಿಯೊ, ಅಭ್ಯಾಸ ಎಲ್ಲವೂ ನಿಮ್ಮ ಯಂತ್ರದಲ್ಲೇ ಇರುತ್ತದೆ, ಟ್ಯಾಬ್‌ಗಳು ವೈಫೈ ಮೂಲಕ ಬ್ರೌಸರ್‌ನಲ್ಲಿ ನೋಡುತ್ತವೆ. ಯಾವ ಮಗು ಎಲ್ಲಿವರೆಗೆ ಬಂತು ಎಂದು ನಿಮಗೆ ಕಾಣುತ್ತದೆ.

ಡೌನ್‌ಲೋಡ್ ಕೆಲಸವನ್ನೆಲ್ಲ ಕಾರ್ಕಳ ಪೇಟೆಯಲ್ಲೋ ಉಡುಪಿಯಲ್ಲೋ ಮುಗಿಸಿ. ಒಳ್ಳೆಯ ನೆಟ್ ಇರುವ ಲ್ಯಾಪ್‌ಟಾಪ್‌ನಲ್ಲಿ ಕೋಲಿಬ್ರಿ ಹಾಕಿ, ಬೇಕಾದ ಚಾನೆಲ್ (ಪಾಠಗಳ ಗುಚ್ಛ) ಇಳಿಸಿ, ಹೊರಗಿನ ಡಿಸ್ಕ್‌ಗೆ ಎಕ್ಸ್‌ಪೋರ್ಟ್ ಮಾಡಿ, ಶಾಲೆಯಲ್ಲಿ ಅದೇ ಡಿಸ್ಕ್‌ನಿಂದ ಇಂಪೋರ್ಟ್ ಮಾಡಿ. ಇಡೀ ಚಾನೆಲ್ ಎಳೆಯಲು ಹೋಗಬೇಡಿ. ಭಾಷೆಯ ಪ್ರಕಾರ ಸೋಸಿ, ವಿಷಯದ ಎದುರಿನ ಚೌಕಕ್ಕೆ ಗುರುತು ಹಾಕಿ ಬೇಕಾದಷ್ಟೇ ತನ್ನಿ. ಮೊದಲ ತಿಂಗಳಿಗೆ ಗಣಿತದ ನಾಲ್ಕೈದು ಘಟಕ ಸಾಕು. ರಾಶಿ ಹಾಕಿದರೆ ಮಕ್ಕಳು ವೀಡಿಯೊ ಬದಲಿಸುತ್ತಲೇ ಇರುತ್ತಾರೆ, ಯಾವುದನ್ನೂ ಪೂರ್ತಿ ನೋಡುವುದಿಲ್ಲ.

ಡಿಸ್ಕನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಕಾಪಿ ನಡುವೆಯೇ ನಿಲ್ಲುತ್ತದೆ.

ಕೋಲಿಬ್ರಿಯ ಆರಂಭದ ಸೆಟಪ್‌ನಲ್ಲಿ ಗುಂಪು ಕಲಿಕೆ ಎಂಬುದನ್ನು ಆರಿಸಿ, ಹೊಸ ಕಲಿಕಾ ಕೇಂದ್ರ ಮಾಡಿ. ನಂತರ ಸೆಟ್ಟಿಂಗ್‌ನಲ್ಲಿ ವಿದ್ಯಾರ್ಥಿಗಳಿಗೆ ಪಾಸ್‌ವರ್ಡ್ ಬೇಡ ಎಂದಿಡಿ. ಒಂದನೇ ತರಗತಿಯ ಮಗುವಿಗೆ ತನ್ನ ಹೆಸರು ಬರೆಯುವುದೇ ಅರ್ಧ ಪಾಠ.

ವೈಫೈ ಕೊಡುವ ರೂಟರ್‌ಗೆ ಇಂಟರ್ನೆಟ್ ಬೇಕಿಲ್ಲ, ಸಾಮಾನ್ಯದ್ದು ನಡೆಯುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಡೆಸ್ಕ್‌ಟಾಪ್‌ಗೆ ಬದಲಾಗದ ಒಂದೇ ಐಪಿ ವಿಳಾಸ ಕಾಯ್ದಿರಿಸಿ, ಉದಾಹರಣೆಗೆ 192.168.0.10. ಟ್ಯಾಬ್‌ನ ಬ್ರೌಸರ್‌ನಲ್ಲಿ ಆ ವಿಳಾಸದ ನಂತರ ಕೋಲನ್ ಹಾಕಿ 8080 ಎಂದು (192.168.0.10:8080) ಒತ್ತಿದರೆ ಕೋಲಿಬ್ರಿ ತೆರೆಯುತ್ತದೆ. ಇದನ್ನು ಹೋಮ್ ಸ್ಕ್ರೀನಿಗೆ ಸೇರಿಸಿಡಿ. ಕಾಯ್ದಿರಿಸದಿದ್ದರೆ ಕರೆಂಟು ಹೋಗಿ ಬಂದ ಮೇಲೆ ವಿಳಾಸ ಬದಲಾಗಬಹುದು, ಆಗ ಹನ್ನೆರಡೂ ಟ್ಯಾಬ್‌ನಲ್ಲಿ ಹೊಸದಾಗಿ ಬರೆಯಬೇಕು.

ಕನ್ನಡ ವಿಕಿಪೀಡಿಯವನ್ನು ನೆಟ್ ಇಲ್ಲದೆ ಓದಲು ಕಿವಿಕ್ಸ್ ಎಂಬ ತಂತ್ರಾಂಶ ಉಂಟು. ಅದರ ಸರ್ವರ್ ಕೂಡ 8080 ಎಂಬ ಅದೇ ಪೋರ್ಟ್ ಸಂಖ್ಯೆಯನ್ನು ಕೇಳಬಹುದು. ಎರಡೂ ಒಂದೇ ಯಂತ್ರದಲ್ಲಿದ್ದರೆ ಕಿವಿಕ್ಸ್‌ಗೆ 8081 ಕೊಡಿ.

ಸಣ್ಣ ಮಕ್ಕಳಿಗೆ ಕಲಿಕೆಯ ಆಟಗಳ ಜಿಕಂಪ್ರಿ ಮತ್ತು ಚಿತ್ರ ಬಿಡಿಸುವ ಟಕ್ಸ್ ಪೇಂಟ್. ಜಿಕಂಪ್ರಿ 2000ದಲ್ಲಿ ಶುರುವಾದದ್ದು, 2ರಿಂದ 10 ವರ್ಷದವರಿಗೆ. ಅದರ ಧ್ವನಿ ಫೈಲ್‌ಗಳು ಬೇರೆಯಾಗಿ ಇಳಿಯುತ್ತವೆ, ಆದ್ದರಿಂದ ಪ್ರತಿ ಟ್ಯಾಬನ್ನೂ ಪೇಟೆಯಲ್ಲೇ ತೆರೆದು, ಧ್ವನಿ ಬರುತ್ತದೋ ಎಂದು ಕೇಳಿ ನೋಡಿಯೇ ಶಾಲೆಗೆ ಒಯ್ಯಿರಿ.

ಇನ್ನು ಕರೆಂಟು. ಡೆಸ್ಕ್‌ಟಾಪ್‌ಗೆ 600 ವಿಎ ಯುಪಿಎಸ್, ರೂಟರ್‌ಗೆ 12 ವೋಲ್ಟ್‌ನ ಸಣ್ಣ ಯುಪಿಎಸ್. ಇದು ಪಾಠ ಮುಂದುವರಿಸಲಿಕ್ಕಲ್ಲ, ಸರಿಯಾಗಿ ಶಟ್‌ಡೌನ್ ಮಾಡಲಿಕ್ಕೆ. ಬರೆಯುತ್ತಿರುವಾಗಲೇ ಕರೆಂಟು ಕಡಿದರೆ ಡೇಟಾಬೇಸ್ ಕೆಡಬಹುದು, ಮಕ್ಕಳ ಪ್ರಗತಿಯೆಲ್ಲ ಹೋಗಬಹುದು. ಗುಡುಗು ಕೇಳಿದ ಕೂಡಲೇ ಪ್ಲಗ್ ತೆಗೆಯಿರಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಪ್ರಶ್ನೆ (ಅದೇ ಶಿಕ್ಷಕಿ): ಹಾಕಿದೆವು ಸರ್. ಮೂರು ಟ್ಯಾಬ್‌ನಲ್ಲಿ ಬರೀ ಬಿಳಿ ಪುಟ. ಎರಡು ಟ್ಯಾಬ್ ವೈಫೈ ಬಿಟ್ಟುಬಿಡುತ್ತವೆ. ಡೆಸ್ಕ್‌ಟಾಪ್ ಆನ್ ಮಾಡಿದಾಗಲೆಲ್ಲ ಹಳೆಯ ವರ್ಷದ ತಾರೀಕು.

ಉತ್ತರ: ಬಿಳಿ ಪುಟ ಎಂದರೆ ಬ್ರೌಸರ್ ಹಳೆಯದು. ಫೈರ್‌ಫಾಕ್ಸ್ ಬ್ರೌಸರ್‌ನ ಎಪಿಕೆ ಫೈಲ್ (ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲ್) ಪೆನ್‌ಡ್ರೈವ್‌ನಲ್ಲಿ ತಂದು ಹಾಕಿ. ವೈಫೈ ಬಿಡುವ ಟ್ಯಾಬ್‌ಗಳಲ್ಲಿ ಬಹುಶಃ ಸಿಮ್ ಇದೆ. ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಎಂದು ಅವು ತಾವಾಗಿ ಮೊಬೈಲ್ ಡೇಟಾಕ್ಕೆ ಹಾರುತ್ತವೆ. ಮೊಬೈಲ್ ಡೇಟಾ ಆಫ್ ಮಾಡಿ, ಹೇಗಿದ್ದರೂ ಸಂಪರ್ಕದಲ್ಲಿರು ಎಂದು ಕೇಳಿದಾಗ ಒಪ್ಪಿ.

ತಾರೀಕಿನದ್ದು ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿ, ಸಿಆರ್2032. ಗೋಡೆ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ತೆಗೆದು, ಕೊಕ್ಕೆ ಒತ್ತಿ ಹಳೆಯದನ್ನು ಎಬ್ಬಿಸಿ, ಬರಹವಿರುವ ಬದಿ ಮೇಲೆ ಬರುವಂತೆ ಹೊಸದು ಕೂರಿಸಿ. ನೆಟ್ ಇದ್ದ ಕಡೆ ಸಮಯ ತಾನಾಗಿ ಸರಿಯಾಗುತ್ತದೆ, ನಿಮ್ಮಲ್ಲಿ ಆಗುವುದಿಲ್ಲ. ಹೀಗೇ ಬಿಟ್ಟರೆ ಮಗು ಇವತ್ತು ಮಾಡಿದ ಅಭ್ಯಾಸ ಹಳೆಯ ತಾರೀಕಿನಲ್ಲಿ ದಾಖಲಾಗುತ್ತದೆ.

ಪ್ರಶ್ನೆ (ಓದುಗರು, ಉಡುಪಿ): ಮಕ್ಕಳ ಮನೆಮಾತು ತುಳು, ಕೊರಗ ಭಾಷೆಯೂ ಉಂಟು. ಕನ್ನಡದ ಪಾಠ ಹಾಕಿದರೆ ಸಾಕೇ?

ಉತ್ತರ: ಸಾಲದು. ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಎಂದು ನನ್ನ ಅಭಿಪ್ರಾಯ. ಮನೆಯ ಚಿತ್ರ ತೋರಿಸಿದರೆ ತುಳು ಮಗು ‘ಇಲ್ಲ್’ ಎನ್ನುತ್ತದೆ. ಕನ್ನಡ ಮಾತ್ರ ಗೊತ್ತಿದ್ದವರಿಗೆ ಅದು ‘ಇಲ್ಲ’ ಎಂದು ಕೇಳಿಸುತ್ತದೆ. ಮಗು ಸರಿ ಹೇಳಿಯೂ ತಪ್ಪಾಯಿತು! ಹಾಗಾಗಿ ಮೊದಲು ಮನೆಮಾತಿನ ಪದ, ಒಂದು ಉಸಿರು ಬಿಟ್ಟು ಕನ್ನಡದ ಪದ: ಇಲ್ಲ್–ಮನೆ, ಕಕ್ಕೆ–ಕಾಗೆ, ಪಕ್ಕಿ–ಹಕ್ಕಿ. ಹೀಗೆ ಧ್ವನಿ ಪಾಠ ಮಾಡಿ.

ಅಡಾಸಿಟಿ ಎಂಬ ಮುಕ್ತ ತಂತ್ರಾಂಶದಲ್ಲಿ ಮೋನೋ (ಒಂದೇ ಧ್ವನಿ ವಾಹಿನಿ) ಆಗಿ ಮುದ್ರಿಸಿ, 64 ಕೆಬಿಪಿಎಸ್ ಎಂಪಿ3 ಮಾಡಿ. ನಿಮಿಷಕ್ಕೆ ಸುಮಾರು ಅರ್ಧ ಎಂಬಿ, 12 ಟ್ಯಾಬ್ ಒಟ್ಟಿಗೆ ಕೇಳಿದರೂ ವೈಫೈಗೆ ಭಾರವಿಲ್ಲ. ತಗಡಿನ ಮಾಡಿನ ಕೆಳಗೆ ಮಳೆಯಲ್ಲಿ ಮುದ್ರಿಸಬೇಡಿ, ಆ ಸದ್ದನ್ನು ಆಮೇಲೆ ತೆಗೆಯಲು ಹೋದರೆ ಮಾತೂ ಕೆಡುತ್ತದೆ. ಹಾಸಿಗೆ, ಕಂಬಳಿ ತುಂಬಿದ ಕೋಣೆ ಒಳ್ಳೆಯದು. ಆಮೇಲೆ ಕೋಲಿಬ್ರಿ ಸ್ಟುಡಿಯೋ ಎಂಬ ಜಾಲತಾಣದಲ್ಲಿ ನಿಮ್ಮದೇ ಚಾನೆಲ್ ಮಾಡಿ ಎಂಪಿ3, ಪಿಡಿಎಫ್ ಏರಿಸಿ. ಪ್ರಕಟಿಸಿದಾಗ ಒಂದು ಟೋಕನ್ (ಚಾನೆಲ್ ಗುರುತಿಸುವ ಸಂಕೇತ) ಸಿಗುತ್ತದೆ. ಪೇಟೆಯ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಕೊಟ್ಟು ಇಳಿಸಿ.

ಲಿಪಿಯ ಬಗ್ಗೆ: ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ಕ್ಕೆ (ಲಿಪಿಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಜಾಗತಿಕ ಮಾನದಂಡ) ಸೇರಿದೆ, ಸಂತೋಷದ ವಿಷಯ. ಆದರೆ ಅದರ ಫಾಂಟ್ ಹಳೆಯ ಟ್ಯಾಬ್‌ಗಳಲ್ಲಿ ಇರುವುದಿಲ್ಲ, ಬರೀ ಚೌಕಗಳು ಕಾಣುತ್ತವೆ. ಮಕ್ಕಳು ಕಲಿಯುತ್ತಿರುವುದೂ ಕನ್ನಡ ಲಿಪಿ. ಸದ್ಯಕ್ಕೆ ತುಳುವನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಕೊರಗ ಭಾಷೆಗೆ ಸ್ವಂತ ಲಿಪಿ ಇಲ್ಲ, ಅಲ್ಲಿ ಹಿರಿಯರ ಧ್ವನಿಯೇ ಪುಸ್ತಕ.

ಆ ಹಿರಿಯರ ಒಪ್ಪಿಗೆ ಮೊದಲೇ ಪಡೆಯಿರಿ. ತಂತ್ರಾಂಶ ಮುಕ್ತ ಎಂದ ಮಾತ್ರಕ್ಕೆ ಹಾಡು, ಪಾಡ್ದನ (ತುಳು ಕಥನಗೀತೆ), ದೈವದ ನುಡಿ ಎಲ್ಲರದ್ದಾಗುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಲನಿವಾಸಿಗಳ ಭಾಷೆಗಳಿಗಾಗಿ ನಡೆಯುವ ಫಸ್ಟ್‌ವಾಯ್ಸಸ್‌ನಲ್ಲಿ ಯಾವುದು ಎಲ್ಲರಿಗೆ, ಯಾವುದು ಸಮುದಾಯದವರಿಗೆ ಮಾತ್ರ ಎಂದು ಆಯಾ ಸಮುದಾಯವೇ ನಿರ್ಧರಿಸುತ್ತದೆ. ಕೋಲಿಬ್ರಿ ಸ್ಟುಡಿಯೋ ಪ್ರತಿ ಫೈಲ್‌ಗೂ ಪರವಾನಗಿ ಕೇಳುತ್ತದೆ. ಅದನ್ನು ತುಂಬುವ ಮುಂಚೆ ಮನೆಯವರನ್ನು ಕೂರಿಸಿ ಕೇಳಿಸಿ, ಬೇಡ ಎಂದದ್ದನ್ನು ಅಳಿಸಿಬಿಡಿ.

ಪ್ರಶ್ನೆ (ಶಿಕ್ಷಕರು, ಬೆಳ್ತಂಗಡಿ): ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ನಮ್ಮ ಫೈಲ್‌ಗಳು ಟ್ಯಾಬ್‌ನಲ್ಲಿ ಇಂಗ್ಲಿಷ್ ಅಕ್ಷರದ ಗೋಜಲಾಗಿ ಕಾಣುತ್ತವೆ.

ಉತ್ತರ: ಅವು ಹಳೆಯ ಆಸ್ಕಿ ನುಡಿಯಲ್ಲಿವೆ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡ ರೂಪ ತೊಡಿಸಿದ ಫಾಂಟ್‌ನಲ್ಲಿ. ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ, ತಪ್ಪುವುದು ಅಲ್ಲೇ. ಆಮೇಲೆ ಪಿಡಿಎಫ್ ಮಾಡಿ ಏರಿಸಿ. ಚಾನೆಲ್‌ನಲ್ಲಿ ಏನೇ ತಿದ್ದಿದರೂ ಮರಳಿ ಪ್ರಕಟಿಸಿ, ಲ್ಯಾಪ್‌ಟಾಪ್‌ಗೆ ಇಳಿಸಿ, ಡಿಸ್ಕ್‌ಗೆ ಹಾಕಿ ಶಾಲೆಗೆ ಒಯ್ಯಬೇಕು. ಅಲ್ಲಿವರೆಗೆ ಮಕ್ಕಳಿಗೆ ಹಳೆಯದೇ ಕಾಣುತ್ತಿರುತ್ತದೆ.