ಜಾವಾ ಸ್ಟ್ಯಾಕ್ ತಳಕ್ಕೂ ಸೇರಿಸೋಕೆ ಬಿಡುತ್ತೆ, ಇದೇನು ಬಗ್ಗಾ?

ಕೋಡುಬಳೆ:
ಅನ್‌ಡೂ ಬಟನ್‌ಗೆ ಅಂತ ಜಾವಾದ ಸ್ಟ್ಯಾಕ್ ಬಳಸಿದ್ದೇನೆ. ಮೇಲೆ ಇಡೋ ಪುಶ್, ಮೇಲಿಂದ ತೆಗೆಯೋ ಪಾಪ್ ಸರಿಯಾಗೇ ಇವೆ. ಆದರೆ ಫಾರ್ ಲೂಪ್ ಹಾಕಿ ಪ್ರಿಂಟ್ ಮಾಡಿದರೆ ತಳದಲ್ಲಿರೋದು ಮೊದಲು ಬರುತ್ತೆ. ಅದೂ ಹೋಗಲಿ, ಜೊತೆಗೆ ಕೆಲಸ ಮಾಡುವವನು ಆಡ್‌ಗೆ ಸೊನ್ನೆ ಇಂಡೆಕ್ಸ್ ಕೊಟ್ಟು ಸೀದಾ ತಳಕ್ಕೇ ಒಂದು ತುರುಕಿದ್ದಾನೆ, ಕಂಪೈಲರ್ ತುಟಿ ಪಿಟಕ್ ಅನ್ನಲಿಲ್ಲ. ತಟ್ಟೆ ಪೇರಿಸಿದ ಹಾಗೆ ಅಂತ ತಾನೇ ಹೇಳಿಕೊಟ್ಟಿದ್ದು?

ಹಳೇಕೀಬೋರ್ಡ್:
ಬಗ್ ಅಲ್ಲ ಗುರೂ, ಹಳೇ ಪಾಪ. ಜಾವಾ 1.0 ಕಾಲದಿಂದಲೂ ಸ್ಟ್ಯಾಕ್ ಅನ್ನೋದು ವೆಕ್ಟರ್ (ಎಲ್ಲಿ ಬೇಕಾದರೂ ಸೇರಿಸಬಹುದಾದ ಪಟ್ಟಿ) ಅನ್ನು ಎಕ್ಸ್‌ಟೆಂಡ್ ಮಾಡಿದ, ಅಂದರೆ ಅದರ ಮಗನಾಗಿ ಹುಟ್ಟಿದ ಕ್ಲಾಸು. ಹಾಗಾಗಿ ವೆಕ್ಟರ್‌ನ ಪಬ್ಲಿಕ್ ಮೆಥಡ್ ಅಷ್ಟೂ ಇದಕ್ಕೂ ಬಂತು, ಆಸ್ತಿ ಜೊತೆ ಸಾಲವೂ ಬಂದ ಹಾಗೆ. ಬೇಕಿದ್ದದ್ದು ಒಳಗಿನ ಜಾಗ ಮಾತ್ರ. ವೆಕ್ಟರನ್ನು ಪ್ರೈವೇಟ್ ಫೀಲ್ಡ್ ಮಾಡಿಟ್ಟುಕೊಂಡು ಪುಶ್, ಪಾಪ್, ಪೀಕ್ (ಮೇಲಿನದ್ದನ್ನು ತೆಗೆಯದೆ ನೋಡೋದು) ಅಷ್ಟೇ ಹೊರಗೆ ಬಿಟ್ಟಿದ್ದರೆ ಮುಗಿದಿತ್ತು. ಈಗ ತಿದ್ದಿದರೆ ಹಳೇ ಪ್ರೋಗ್ರಾಮ್‌ಗಳು ಒಡೆಯುತ್ತವೆ, ಅದಕ್ಕೇ ಹಾಗೇ ಇದೆ. ಸೆಟ್ಟಿಂಗ್‌ಗಳನ್ನು ಇಡೋ ಪ್ರಾಪರ್ಟೀಸ್ ಕ್ಲಾಸ್ ಕತೆಯೂ ಇದೇ. ಅದು ಹ್ಯಾಶ್‌ಟೇಬಲ್‌ನ (ಹೆಸರು, ಬೆಲೆ ಜೋಡಿಗಳ ಪಟ್ಟಿ) ಮಗ, ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾತ್ರ ಇರಬೇಕಾದ ಕಡೆ ಪುಟ್ ಮಾಡಿ ನಂಬರ್ ಹಾಕಿದರೂ ಸುಮ್ನಿರುತ್ತೆ, ಸ್ಟೋರ್ ಮಾಡುವಾಗ ಬೀಳುತ್ತೆ.

ಮಿಣುಕುಹುಳ:
ಲಿಸ್ಕೋವ್ ಸಬ್‌ಸ್ಟಿಟ್ಯೂಶನ್ ಮುರಿದಿದೆ ಅಂತ ಒಂದೇ ಮಾತಲ್ಲಿ ಹೇಳಬಹುದಲ್ವಾ?

ಹಳೇಕೀಬೋರ್ಡ್:
ಎಲ್ಲರೂ ಹಾಗೇ ಅಂತಾರೆ, ನನಗೆ ಒಪ್ಪಿಗೆ ಇಲ್ಲ. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರಲ್ಲಿ ಮುಂದಿಟ್ಟ ವಿಚಾರ ಇಷ್ಟು: ತಂದೆ ಟೈಪ್ ಇರೋ ಜಾಗಕ್ಕೆ ಮಗನನ್ನು ಹಾಕಿದರೂ ಪ್ರೋಗ್ರಾಮ್ ಎಡವಬಾರದು. ವೆಕ್ಟರ್ ಕೇಳುವ ಕಡೆ ಸ್ಟ್ಯಾಕ್ ಕೊಟ್ಟು ನೋಡಿ, ಏನೂ ಆಗಲ್ಲ. ಇಲ್ಲಿ ಕೆಟ್ಟದ್ದು, ಮೇಲಿನಿಂದ ಮಾತ್ರ ಅಂತ ಸ್ಟ್ಯಾಕ್ ತಾನೇ ಕೊಟ್ಟ ಮಾತು. ಎನ್‌ಕ್ಯಾಪ್ಸುಲೇಶನ್ (ಒಳಗಿನದನ್ನು ಮುಚ್ಚಿಡೋದು) ಸೋರಿದೆ ಅನ್ನಿ, ಒಪ್ಕೋತೀನಿ. ಲಿಸ್ಕೋವ್‌ಗೆ ಚೌಕ, ಆಯತದ ಉದಾಹರಣೆ ಸರಿ: ಆಯತ ಅಂದುಕೊಂಡು ಅಗಲ ಮಾತ್ರ ಬದಲಿಸಿದರೆ, ಅದು ಚೌಕ ಆಗಿದ್ದರೆ ಎತ್ತರವೂ ಬದಲಾಗುತ್ತೆ.

ಕೋಡುಬಳೆ:
ಸರಿ ಸರ್. ಹಾಗಾದರೆ ಅರೇಡೆಕ್ (ಎರಡು ತುದಿಯಲ್ಲೂ ಸೇರಿಸೋ, ತೆಗೆಯೋ ಜಾವಾ ಕ್ಲಾಸು) ಹಾಕಿದರೆ ಸಾಕಾ?

ಮಿಣುಕುಹುಳ:
ಜಾವಾ 6ರಿಂದ ಇದೆ, ಲೂಪ್ ಕೂಡ ಮೇಲಿನಿಂದ ಕೆಳಕ್ಕೆ ಬರುತ್ತೆ. ಆದರೆ ಅದರಲ್ಲೂ ತಳಕ್ಕೆ ಸೇರಿಸೋ ಆಡ್‌ಲಾಸ್ಟ್ ಇದೆ ಮಾರಾಯ, ನಿಮ್ಮ ಗೆಳೆಯ ಅಲ್ಲಿಗೂ ಕೈ ಹಾಕಬಹುದು! ನಿಮ್ಮದೇ ಒಂದು ಪುಟ್ಟ ಕ್ಲಾಸ್ ಬರೆದು, ಅರೇಡೆಕ್ ಅದರೊಳಗೆ ಪ್ರೈವೇಟ್ ಆಗಿಡಿ.

ಕೋಡುಬಳೆ:
ಬರೆದೆ, ಇಪ್ಪತ್ತು ಸಾಲೂ ಆಗಲಿಲ್ಲ. ಒಂದು ಕಡೆ ನಲ್ (ಏನೂ ಇಲ್ಲ ಅನ್ನೋ ಬೆಲೆ) ಪುಶ್ ಮಾಡ್ತಿದ್ದೆ, ಸ್ಟ್ಯಾಕ್ ನುಂಗಿಕೊಂಡಿತ್ತು, ಅರೇಡೆಕ್ ತಕ್ಷಣ ನಲ್‌ಪಾಯಿಂಟರ್ ಎರರ್ ಎಸೆಯಿತು. ಅದು ಮಾತ್ರ ನನ್ನದೇ ಬಗ್ಗು.