ಹಲ್ಲಿನ ಶೇಪ್ ಸರಿ ಮಾಡಿಸುವ ಮುಂಚೆ, ಮಾಡಿಸಿದ ಮೇಲೆ: ದಂತವೈದ್ಯೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮೇಲಿನ ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಸ್ವಲ್ಪ ಉದ್ದ. ನಕ್ಕರೆ ಅದೇ ಎದ್ದು ಕಾಣುತ್ತದೆ. ಕ್ಲಿಪ್ ಹಾಕಿಸಿಕೊಳ್ಳುವ ಮನಸ್ಸಿಲ್ಲ. ಉಜ್ಜಿ ಸರಿ ಮಾಡಬಹುದು ಅಂತ ಯಾರೋ ಹೇಳಿದರು. ನೋವಾಗುತ್ತಾ? ಹಲ್ಲು ಹಾಳಾಗಲ್ವಾ?

ಉತ್ತರ: ನಮಸ್ಕಾರ. ಮಾಡಬಹುದು. ಹಲ್ಲಿನ ಮೇಲ್ಪದರ ಅಂದರೆ ಎನಾಮೆಲ್, ಅದರಲ್ಲಿ ನರ ಇರುವುದಿಲ್ಲ. ತೂಕದ ಲೆಕ್ಕದಲ್ಲಿ ಸುಮಾರು ಶೇ. 96ರಷ್ಟು ಖನಿಜವೇ. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಕೆಲಸ ಈ ಪದರದೊಳಗೇ ಮುಗಿದರೆ ನೋವಾಗುವುದಿಲ್ಲ, ಸಾಮಾನ್ಯವಾಗಿ ಇಂಜೆಕ್ಷನ್ ಕೂಡ ಬೇಕಾಗುವುದಿಲ್ಲ. ತುಂಬಾ ನುಣುಪಾದ, ವಜ್ರದ ಪುಡಿ ಅಂಟಿಸಿದ ತಿರುಗುವ ಕಡ್ಡಿ ಅಂದರೆ ಡೈಮಂಡ್ ಬರ್‌ನಿಂದ, ನೀರು ಬಿಡುತ್ತಾ, ಅಂಚನ್ನು ಚೂರು ಚೂರೇ ಸವರುತ್ತೇವೆ. ಆಮೇಲೆ ಡಿಸ್ಕ್ ಹಾಕಿ ಪಾಲಿಶ್ ಮಾಡಿ, ಫ್ಲೋರೈಡ್ ಹಚ್ಚಿ ಕಳಿಸುತ್ತೇವೆ. ಸದ್ದು ಕೇಳುತ್ತದೆ, ಸ್ವಲ್ಪ ಅದುರಿದ ಹಾಗೆ ಅನಿಸುತ್ತದೆ, ಅಷ್ಟೇ.

ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಬಾಯಿಗೆ ಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಉಗುರು ಬೆಳೆದ ಹಾಗೆ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ತೆಗೆದದ್ದು ಹೋಯಿತು. ಹಾಗಾಗಿ ನಾನು ಯಾವಾಗಲೂ ಮೊದಲು ನೋಡುವುದು, ಆ ಹಲ್ಲು ನಿಜವಾಗಿಯೂ ಉದ್ದ ಇದೆಯಾ ಅಂತ. ಎಷ್ಟೋ ಸಲ ಉದ್ದ ಕಾಣುವ ಹಲ್ಲು ಸರಿಯಾಗೇ ಇರುತ್ತದೆ, ಪಕ್ಕದ್ದು ಸವೆದೋ ತುದಿ ಮುರಿದೋ ಗಿಡ್ಡ ಆಗಿರುತ್ತದೆ. ಹಾಗಿದ್ದರೆ ಚೆನ್ನಾಗಿರುವ ಹಲ್ಲನ್ನು ಕೊರೆಯುವುದು ಯಾಕೆ? ಗಿಡ್ಡ ಇರುವುದಕ್ಕೆ ಹಲ್ಲಿನ ಬಣ್ಣದ ರಾಳ, ಅಂದರೆ ಕಾಂಪೋಸಿಟ್, ಸೇರಿಸಿ ಸಮ ಮಾಡಬಹುದು. ಸೇರಿಸಿದ್ದನ್ನು ನಾಳೆ ತೆಗೆಯಬಹುದು, ತೆಗೆದದ್ದನ್ನು ಸೇರಿಸಲಾಗದು.

ನಿಮ್ಮ ಡಾಕ್ಟರ ಹತ್ತಿರ ಒಂದು ಕೇಳಿ. ಹಲ್ಲನ್ನು ಒಣಗಿಸಿ, ತೆಗೆಯಬೇಕೆಂದಿರುವ ಭಾಗಕ್ಕೆ ಮಾತ್ರ ಕಪ್ಪು ಮಾರ್ಕರ್ ಬಳಿಯಲು ಹೇಳಿ. ಬಾಯಿಯ ಒಳಗಿನ ಕತ್ತಲಲ್ಲಿ ಆ ಕಪ್ಪು ಭಾಗ ಮರೆಯಾಗುತ್ತದೆ. ಕನ್ನಡಿಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ನಗಿ, ಮಾತಾಡಿ, ಒಂದು ಫೋಟೋ ತೆಗೆಸಿ. ಆಮೇಲೆ ಹಲ್ಲು ಹೇಗೆ ಕಾಣುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಹಾಗೆ ನೋಡಿ ‘ಬೇಡ, ಹೀಗೇ ಇರಲಿ’ ಅಂದು ಎದ್ದುಹೋದವರಿದ್ದಾರೆ. ನನಗೆ ಅದು ಖುಷಿಯೇ.

ಅವರೇ ಮತ್ತೆ: ತುಂಬಾ ಥ್ಯಾಂಕ್ಸ್ ಮೇಡಂ. ಎಷ್ಟು ತೆಗೆಯಬಹುದು? ಮಾತು ಬದಲಾಗುತ್ತಾ?

ಉತ್ತರ: ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಒಳಗೆ. ಅದಕ್ಕಿಂತ ಜಾಸ್ತಿ ಬೇಕು ಅಂತಾದರೆ ಬೇರೆ ದಾರಿ ನೋಡುವುದು ಒಳ್ಳೆಯದು. ಎಕ್ಸ್‌ರೇ ಇಲ್ಲದೆ ಶುರು ಮಾಡಲು ಬಿಡಬೇಡಿ. ಒಳಗಿನ ನರ ಎಲ್ಲಿಯವರೆಗೆ ಬಂದಿದೆ, ಹಳೇ ಹುಳುಕು ಇದೆಯಾ ಅನ್ನುವುದು ಅದರಲ್ಲೇ ಗೊತ್ತಾಗುವುದು. ಇನ್ನು ಮಾತಿನ ವಿಷಯ. ‘ಫ್ಯಾನ್’ ಅನ್ನುವಾಗಿನ ‘ಫ’ ಅಂತ ನಿಧಾನವಾಗಿ ಹೇಳಿ ನೋಡಿ. ಮೇಲಿನ ಮುಂದಿನ ಹಲ್ಲುಗಳ ಅಂಚು ಕೆಳತುಟಿಗೆ ತಾಗುತ್ತದೆ, ಅಲ್ವಾ? ಮುಂದಿನ ಹಲ್ಲಿನ ಉದ್ದ ಹೊಂದಿಸುವಾಗ ನಾವು ಪೇಷೆಂಟ್ ಬಾಯಲ್ಲಿ ಇದನ್ನೇ ಹೇಳಿಸಿ ನೋಡುತ್ತೇವೆ. ಸ್ವಲ್ಪವೇ ಸವರಿದರೆ ಮಾತಿಗೆ ತೊಂದರೆಯಾಗುವುದಿಲ್ಲ.

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 16 ವರ್ಷ. ಕೋರೆಹಲ್ಲು ಎರಡೂ ತುಂಬಾ ಚೂಪು. ಫ್ರೆಂಡ್ಸ್ ರೇಗಿಸುತ್ತಾರೆ ಅಂತ ಅಳುತ್ತಾಳೆ. ಚೂಪು ತೆಗೆಸಿಬಿಡಲಾ?

ಉತ್ತರ: ಅವಳ ಬೇಸರ ಅರ್ಥವಾಗುತ್ತದೆ ಅಮ್ಮ. ಆದರೂ ಆತುರ ಬೇಡ. ಚಿಕ್ಕ ವಯಸ್ಸಿನಲ್ಲಿ ಹಲ್ಲಿನೊಳಗಿನ ನರದ ಕೋಣೆ ದೊಡ್ಡದಾಗಿರುತ್ತದೆ, ವಯಸ್ಸಾಗುತ್ತಾ ಚಿಕ್ಕದಾಗುತ್ತದೆ. ಈಗ ಜಾಸ್ತಿ ಉಜ್ಜಿದರೆ ಜುಮ್ ಅನ್ನುವ ಸಾಧ್ಯತೆ ದೊಡ್ಡವರಿಗಿಂತ ಹೆಚ್ಚು.

ಇನ್ನೊಂದು ಕಾರಣವೂ ಇದೆ. ಕೋರೆಹಲ್ಲು ಬರೀ ಚೂಪಾದ ಹಲ್ಲಲ್ಲ. ಬಾಯಲ್ಲಿ ಎಲ್ಲಕ್ಕಿಂತ ಉದ್ದವಾದ ಬೇರು ಅದರದ್ದು. ಮಗಳಿಗೆ ಹಲ್ಲು ಕಚ್ಚಿಕೊಂಡು ಕೆಳದವಡೆಯನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಲು ಹೇಳಿ. ತುಂಬಾ ಜನರಲ್ಲಿ ಆಗ ಕೋರೆಹಲ್ಲುಗಳು ಮಾತ್ರ ಒಂದಕ್ಕೊಂದು ತಾಗಿ ಜಾರುತ್ತವೆ, ಹಿಂದಿನ ದವಡೆ ಹಲ್ಲುಗಳು ಬಿಟ್ಟುಕೊಳ್ಳುತ್ತವೆ. ಪಕ್ಕದಿಂದ ಬೀಳುವ ಭಾರ ದವಡೆ ಹಲ್ಲುಗಳಿಗೆ ಹೋಗದ ಹಾಗೆ ಕೋರೆಹಲ್ಲು ತಡೆಯುತ್ತದೆ. ಅದರ ತುದಿಯನ್ನು ಚಪ್ಪಟೆ ಮಾಡಿದರೆ ಈ ಕೆಲಸ ನಿಲ್ಲಬಹುದು. ತುದಿಯನ್ನು ಒಂಚೂರು ದುಂಡಗೆ ಮಾಡುವುದು ಬೇರೆ, ಪಕ್ಕದ ಹಲ್ಲಿನ ಮಟ್ಟಕ್ಕೆ ಇಳಿಸುವುದು ಬೇರೆ.

ಹಲ್ಲು ಮೇಲೆ, ಹೊರಗೆ ಬಂದು ನಿಂತಿರುವುದರಿಂದಲೇ ಚೂಪಾಗಿ ಕಾಣುತ್ತಿರಬಹುದು. ಆಗ ತೊಂದರೆ ಇರುವುದು ಜಾಗದಲ್ಲಿ. ಮೊದಲು ಕ್ಲಿಪ್ ಹಾಕುವ ಆರ್ಥೊಡಾಂಟಿಸ್ಟ್ ಹತ್ತಿರ ತೋರಿಸಿ. ಹಲ್ಲು ಸಾಲಿಗೆ ಬಂದ ಮೇಲೆ ಚೂಪು ಉಳಿದರೆ ಆಗ ನೋಡೋಣ.

ಪ್ರಶ್ನೆ: ಮಗನಿಗೆ 8 ವರ್ಷ. ಹೊಸದಾಗಿ ಬಂದ ಮುಂದಿನ ಹಲ್ಲುಗಳ ತುದಿ ಗರಗಸದ ಹಾಗಿದೆ. ಉಜ್ಜಿಸಬೇಕಾ?

ಉತ್ತರ: ಬೇಡ ಸರ್. ಹೊಸ ಹಲ್ಲಿನ ತುದಿಯಲ್ಲಿ ಮೂರು ಸಣ್ಣ ಉಬ್ಬು ಇರುವುದು ಸಹಜ. ಕಚ್ಚಿ ತಿನ್ನುತ್ತಾ ತಾನಾಗೇ ಸವೆಯುತ್ತವೆ. ದೊಡ್ಡವನಾದ ಮೇಲೂ ಹಾಗೇ ಉಳಿದರೆ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗುತ್ತಿಲ್ಲ ಅಂತ ಇರಬಹುದು. ಆಗ ತೋರಿಸಿ.

ಪ್ರಶ್ನೆ: ಹಲ್ಲಿನ ತುದಿ ಸ್ವಲ್ಪ ಮುರಿದು ನಾಲಿಗೆಗೆ ಚುಚ್ಚುತ್ತಿದೆ. ಉಗುರು ತೀಡುವ ಫೈಲ್‌ನಿಂದ ಮನೆಯಲ್ಲೇ ಉಜ್ಜಿಕೊಳ್ಳುವ ವಿಡಿಯೊ ನೋಡಿದೆ. ಮಾಡಬಹುದಾ?

ಉತ್ತರ: ದಯವಿಟ್ಟು ಮಾಡಬೇಡಿ. ಎನಾಮೆಲ್ ಎಲ್ಲಿ ಮುಗಿದು ಒಳಗಿನ ಡೆಂಟಿನ್ ಎಲ್ಲಿ ಶುರುವಾಗುತ್ತದೆ ಅಂತ ಕನ್ನಡಿಯಲ್ಲಿ ಕಾಣುವುದಿಲ್ಲ. ಗೊತ್ತಾಗುವುದು ಜುಮ್ ಅಂದಾಗಲೇ, ಆಗ ತಡವಾಗಿರುತ್ತದೆ. ಫೈಲ್ ಉಜ್ಜಿದ ಜಾಗ ತರಿತರಿಯಾಗಿ ಉಳಿಯುತ್ತದೆ. ಅದರಲ್ಲಿ ಕೊಳೆ, ಕಾಫಿ ಟೀ ಕಲೆ ಹಿಡಿಯುತ್ತದೆ. ಮೊದಲೇ ಮುರಿದಿರುವ ಹಲ್ಲಿನಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಈ ಎಳೆದಾಟಕ್ಕೆ ಅದು ಇನ್ನೂ ಬೆಳೆಯಬಹುದು.

ಡಾಕ್ಟರ ಹತ್ತಿರ ಹೋಗುವವರೆಗೆ ಕ್ಲಿಪ್ ಹಾಕಿದವರು ಬಳಸುವ ಮೇಣ ಔಷಧಿ ಅಂಗಡಿಯಲ್ಲಿ ಸಿಕ್ಕರೆ ಚುಚ್ಚುವ ಜಾಗಕ್ಕೆ ಒತ್ತಿ ಇಟ್ಟುಕೊಳ್ಳಿ. ನಾಲಿಗೆಗೆ ಆರಾಮ ಸಿಗುತ್ತದೆ. ಮುರಿದ ಜಾಗದಲ್ಲಿ ಕೆಂಪು ಚುಕ್ಕೆ ಕಂಡರೆ ಮಾತ್ರ ಕಾಯಬೇಡಿ, ಅವತ್ತೇ ಹೋಗಿ. ಅದು ನರ ತೆರೆದುಕೊಂಡಿರುವ ಗುರುತು.

ಪ್ರಶ್ನೆ: ಮೇಡಂ, ನಾನು ಕಳೆದ ವಾರ ಮುಂದಿನ ನಾಲ್ಕು ಹಲ್ಲು ಶೇಪ್ ಮಾಡಿಸಿದೆ. ನೋಡಲು ಚೆನ್ನಾಗಿದೆ. ಆದರೆ ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ. ಭಯ ಆಗುತ್ತಿದೆ. ಏನು ಜಾಗ್ರತೆ ಮಾಡಬೇಕು?

ಉತ್ತರ: ತಣ್ಣೀರು ನುಂಗಿದ ಕೂಡಲೇ ಜುಮ್ ಅನ್ನುವುದು ನಿಂತರೆ ಭಯ ಬೇಡ. ಎನಾಮೆಲ್ ತೆಳುವಾದ ಕಡೆ ಚಳಿ ಒಳಗೆ ಬೇಗ ತಲುಪುತ್ತದೆ. ಒಳಗಿನ ಡೆಂಟಿನ್‌ನಲ್ಲಿ ತುಂಬಾ ಸಣ್ಣ ಕೊಳವೆಗಳಿವೆ, ಅದರೊಳಗಿನ ದ್ರವ ಅಲ್ಲಾಡಿದರೆ ನರಕ್ಕೆ ಗೊತ್ತಾಗುತ್ತದೆ. ಹೆಚ್ಚಿನವರಲ್ಲಿ ಇದು ಕೆಲವು ದಿನಗಳಲ್ಲಿ, ಜಾಸ್ತಿ ಅಂದರೆ ಎರಡು ವಾರದಲ್ಲಿ ಕಡಿಮೆಯಾಗುತ್ತದೆ.

ಪೇಸ್ಟ್ ಡಬ್ಬಿಯ ಮೇಲೆ ಪೊಟ್ಯಾಶಿಯಂ ನೈಟ್ರೇಟ್ ಅಥವಾ ಸ್ಟ್ಯಾನಸ್ ಫ್ಲೋರೈಡ್ ಅಂತ ಇದೆಯಾ ನೋಡಿ ತಗೊಳ್ಳಿ. ಒಂದೆರಡು ದಿನ ಹಚ್ಚಿ ‘ಏನೂ ಆಗಲಿಲ್ಲ’ ಅಂತ ಬಿಡಬೇಡಿ, ಇವು ಕೆಲಸ ಮಾಡಲು ದಿನ ಹಿಡಿಯುತ್ತದೆ. ರಾತ್ರಿ ಹಲ್ಲುಜ್ಜಿದ ಮೇಲೆ ಬೆರಳ ತುದಿಯಲ್ಲಿ ಸ್ವಲ್ಪ ಪೇಸ್ಟ್ ತೆಗೆದು ಆ ನಾಲ್ಕು ಹಲ್ಲುಗಳಿಗೆ ಸವರಿ ಹಾಗೇ ಮಲಗಿ. ಪೇಸ್ಟ್‌ನಲ್ಲಿ ಫ್ಲೋರೈಡ್ 1000ದಿಂದ 1500 ಪಿಪಿಎಂ ಇರಲಿ. ಉಜ್ಜಿದ ಮೇಲೆ ನೊರೆ ಉಗಿಯಿರಿ, ನೀರು ಹಾಕಿ ಮುಕ್ಕಳಿಸಬೇಡಿ. ಇಷ್ಟೊತ್ತು ಉಜ್ಜಿ ಹಚ್ಚಿದ ಫ್ಲೋರೈಡ್ ಅನ್ನು ತೊಳೆದು ಯಾಕೆ ಕಳೆಯಬೇಕು?

ಈಗ ನಿಮಗೆ ನಿಜವಾದ ಶತ್ರು ಹುಳಿ. ಹುಳಿಯನ್ನು ಅಳೆಯುವ ಲೆಕ್ಕಕ್ಕೆ ಪಿಎಚ್ ಅನ್ನುತ್ತಾರೆ, ಹುಳಿ ಜಾಸ್ತಿಯಾದಷ್ಟೂ ಅದು ಇಳಿಯುತ್ತದೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನ ಖನಿಜ ಕರಗಲು ಶುರುವಾಗುತ್ತದೆ. ನಿಂಬೆರಸ, ಕೋಲಾ ಎಲ್ಲ 2–3ರ ಹತ್ತಿರ ಇರುತ್ತವೆ. ನೀವು ಎಷ್ಟು ಕುಡಿದಿರಿ ಅನ್ನುವುದಕ್ಕಿಂತ ಎಷ್ಟು ಹೊತ್ತು ಕುಡಿದಿರಿ ಅನ್ನುವುದು ಮುಖ್ಯ. ಒಂದು ಲೋಟ ಜ್ಯೂಸನ್ನು ಊಟದ ಜೊತೆ ಕುಡಿದು ಮುಗಿಸುವುದೇ ವಾಸಿ. ಅದನ್ನೇ ಮೇಜಿನ ಮೇಲಿಟ್ಟುಕೊಂಡು ಎರಡು ಗಂಟೆ ಗುಟುಕು ಗುಟುಕಾಗಿ ಕುಡಿದರೆ ಎನಾಮೆಲ್‌ಗೆ ಬಿಡುವೇ ಇಲ್ಲ. ಹುಳಿ ತಿಂದ ಕೂಡಲೇ ಹಲ್ಲುಜ್ಜಬೇಡಿ. ಆಗ ಮೇಲ್ಪದರ ಮೆತ್ತಗಾಗಿರುತ್ತದೆ, ಬ್ರಷ್ ಅದನ್ನು ಎಳೆದುಹಾಕುತ್ತದೆ. ಸುಮ್ನೆ ನೀರಲ್ಲಿ ಬಾಯಿ ಮುಕ್ಕಳಿಸಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಉಜ್ಜಿ. ಅಷ್ಟರಲ್ಲಿ ಎಂಜಲು ತನ್ನ ಕೆಲಸ ಮಾಡಿ, ಹೋದ ಖನಿಜವನ್ನು ಸ್ವಲ್ಪ ಮಟ್ಟಿಗೆ ವಾಪಸ್ ತುಂಬುತ್ತದೆ.

ಮೆತ್ತನೆಯ ಬ್ರಷ್ ಬಳಸಿ. ಇದ್ದಿಲು ಪುಡಿ, ಬಿಳುಪು ಮಾಡುವ ಒರಟು ಪೇಸ್ಟ್ ಸದ್ಯಕ್ಕಲ್ಲ, ಯಾವತ್ತಿಗೂ ಬೇಡ.

ಚಳಿ ಹೋದ ಮೇಲೂ ನೋವು ನಿಂತೇ ಇದ್ದರೆ, ರಾತ್ರಿ ತಾನಾಗೇ ನೋವು ಬಂದು ಎಬ್ಬಿಸಿದರೆ, ಕಚ್ಚಿದಾಗ ಒಂದೇ ಹಲ್ಲು ನೋಯುತ್ತಿದ್ದರೆ ವಾಪಸ್ ಹೋಗಿ. ಒಂದು ಹಲ್ಲಿಗೇ ಜಾಸ್ತಿ ಭಾರ ಬೀಳುತ್ತಿದೆಯಾ ಅಂತ ಬಣ್ಣದ ಕಾಗದ ಕಚ್ಚಿಸಿ ನೋಡುತ್ತಾರೆ. ಐದು ನಿಮಿಷದ ಕೆಲಸ. ‘ಸುಮ್ಮನೆ ತೊಂದರೆ ಕೊಡುತ್ತಿದ್ದೇನೆ’ ಅಂತ ಸಂಕೋಚ ಪಡಬೇಡಿ.

ಪ್ರಶ್ನೆ: ನನಗೆ ಸ್ವಲ್ಪ ಉಜ್ಜಿ, ಸ್ವಲ್ಪ ಕಡೆ ಬಾಂಡಿಂಗ್, ಅಂದರೆ ಕಾಂಪೋಸಿಟ್ ಅಂಟಿಸುವುದು, ಮಾಡಬೇಕು ಅಂದಿದ್ದಾರೆ. ಹಲ್ಲು ಬಿಳಿ ಮಾಡಿಸುವ ಆಸೆಯೂ ಇದೆ. ಯಾವುದು ಮೊದಲು?

ಉತ್ತರ: ಬಿಳಿ ಮಾಡಿಸುವುದು ಮೊದಲು. ಬ್ಲೀಚ್‌ನಿಂದ ನಿಮ್ಮ ಹಲ್ಲು ಬಿಳಿಯಾಗುತ್ತದೆ, ಕಾಂಪೋಸಿಟ್ ಆಗುವುದಿಲ್ಲ. ಮೊದಲೇ ಬಾಂಡಿಂಗ್ ಮಾಡಿಸಿಬಿಟ್ಟರೆ ಆಮೇಲೆ ಆ ತೇಪೆ ಎದ್ದು ಕಾಣುತ್ತದೆ. ಬಿಳಿ ಮಾಡಿಸಿದ ಮೇಲೆ ಸುಮಾರು ಎರಡು ವಾರ ಬಿಡಿ. ಬ್ಲೀಚ್‌ನ ಆಮ್ಲಜನಕ ಹಲ್ಲಿನಲ್ಲಿ ಉಳಿದಿದ್ದರೆ ಕಾಂಪೋಸಿಟ್ ಗಟ್ಟಿಯಾಗಿ ಹಿಡಿಯುವುದಿಲ್ಲ.

ಅದು ಹಿಡಿಯುವ ಬಗೆಯೇ ಚೆಂದ. ಎನಾಮೆಲ್‌ಗೆ ಕೆಲವು ಸೆಕೆಂಡು ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದರೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿಗಳಾಗುತ್ತವೆ. ರಾಳ ಅದರೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಮೈಕೆಲ್ ಬ್ಯೂನೊಕೋರ್ 1955ರಲ್ಲಿ ಇದನ್ನು ತೋರಿಸಿಕೊಟ್ಟರು. ಒಳ್ಳೆಯ ಹಲ್ಲನ್ನು ಕೊರೆಯದೆ ತುಂಡು ಸೇರಿಸಲು ಇವತ್ತು ಸಾಧ್ಯವಾಗಿದ್ದರೆ ಅದಕ್ಕೆ ಇದೇ ಬುನಾದಿ.

ಮೊದಲ ಎರಡು ದಿನ ಕಾಫಿ, ಟೀ, ಗಾಢ ಬಣ್ಣದ್ದು ಬೇಡ. ಉಗುರು ಕಚ್ಚುವುದು, ಪೆನ್ನಿನ ಕ್ಯಾಪ್ ಕಡಿಯುವುದು, ಪ್ಯಾಕೆಟ್ ಹಲ್ಲಲ್ಲಿ ಹರಿಯುವುದು ನಿಲ್ಲಿಸಿ. ಬಾಂಡಿಂಗ್ ಚಕ್ಕೆ ಏಳುವುದು ಹೆಚ್ಚಾಗಿ ಇದರಿಂದಲೇ. ಚೆನ್ನಾಗಿ ನೋಡಿಕೊಂಡರೂ ಕೆಲವು ವರ್ಷಗಳಿಗೊಮ್ಮೆ ಪಾಲಿಶ್ ಅಥವಾ ರಿಪೇರಿ ಬೇಕಾಗುತ್ತದೆ, ಅದಕ್ಕೆ ತಯಾರಿರಿ.

ಪ್ರಶ್ನೆ: ನಿದ್ದೆಯಲ್ಲಿ ನಾನು ಹಲ್ಲು ಕಡಿಯುತ್ತೇನೆ ಅಂತ ಮನೆಯವರು ಹೇಳುತ್ತಾರೆ. ಮುಂದಿನ ಹಲ್ಲುಗಳು ಮೊಂಡಾಗಿವೆ. ಶೇಪ್ ಮಾಡಿಸಲಾ?

ಉತ್ತರ: ಈಗಲೇ ಬೇಡ ಸರ್. ಹಲ್ಲು ಮೊಂಡಾಗಿದೆ ಅಂದರೆ ಎನಾಮೆಲ್ ಆಗಲೇ ಸಾಕಷ್ಟು ಸವೆದಿದೆ. ಅದರ ಮೇಲೆ ಇನ್ನೂ ಉಜ್ಜುವುದು ಸರಿಯಲ್ಲ. ಹಾಗೇ ಬಾಂಡಿಂಗ್ ಮಾಡಿಸಿದರೂ ರಾತ್ರಿ ಕಡಿತಕ್ಕೆ ಅದು ಮುರಿಯುತ್ತದೆ. ಮೊದಲು ಅಳತೆ ಕೊಟ್ಟು ನೈಟ್ ಗಾರ್ಡ್ (ಹಲ್ಲಿನ ಮೇಲೆ ಕೂರುವ ಪ್ಲಾಸ್ಟಿಕ್ ಕವಚ) ಮಾಡಿಸಿಕೊಂಡು ಹಾಕಿ ಮಲಗಿ. ಎದೆಯುರಿ, ಹುಳಿತೇಗು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಹೊಟ್ಟೆಯ ಆಮ್ಲ ಬಾಯಿಗೆ ಬಂದರೂ ಹಲ್ಲು ಸವೆಯುತ್ತದೆ. ಗಾರ್ಡ್ ಹಾಕಲು ಶುರು ಮಾಡಿ ಕೆಲವು ತಿಂಗಳಾದ ಮೇಲೆ ಅದನ್ನು ಡಾಕ್ಟರಿಗೆ ತೋರಿಸಿ. ಅದರ ಮೇಲಿನ ಸವೆದ ಗುರುತು ನೋಡಿ, ಮೊಂಡಾದ ತುದಿಗಳಿಗೆ ಯಾವ ಕಡೆ ಎಷ್ಟು ಸೇರಿಸಬಹುದು ಅಂತ ಅವರು ಹೇಳುತ್ತಾರೆ. ಗಾರ್ಡ್ ತೊಳೆಯಲು ಬಿಸಿನೀರು ಬಳಸಬೇಡಿ, ಸೊಟ್ಟಗಾಗುತ್ತದೆ.