ಬೆಲ್ಟ್ ಎರಡು ಸಲ ಬದಲಾಯಿಸಿದರೂ ಲಾರಿ ಕಿರುಚುವುದು ನಿಂತಿಲ್ಲ, ಏನು ಕಾರಣ?

ಪ್ರಶ್ನೆ – ಲಾರಿ ಮಾಲೀಕ, ಹುಬ್ಬಳ್ಳಿ

ಮೇಸ್ತ್ರಿ ಅಣ್ಣಾರ, ನಮಸ್ಕಾರ್ರೀ. ನಂದು ಹತ್ತು ಗಾಲಿ ಲಾರಿ, ಹುಬ್ಬಳ್ಳಿ–ಅಂಕೋಲಾ ಲೈನಿನ್ಯಾಗ ಓಡ್ತೈತಿ. ಎರಡು ತಿಂಗಳಾತು, ಮುಂಜಾನೆ ಚಾಲೂ ಮಾಡಿದ ಕೂಡ್ಲೆ ಫ್ಯಾನ್ ಬೆಲ್ಟು ಕಿಂಯ್ಯ್ ಅಂತ ಒದರ್ತೈತಿ. ಓಣಿ ಮಂದಿ ಎಲ್ಲಾ ಎದ್ದು ಕುಂಡ್ರತಾರ. ಎರಡು ನಿಮಿಷಕ್ಕ ಅದು ನಿಲ್ತೈತಿ, ಆದ್ರ ಸ್ಲೋ ಬಿಟ್ಟಾಗ ಕಿಚ್ ಕಿಚ್ ಕಿಚ್ ಅನ್ನೋದು ನಿಲ್ಲಂಗಿಲ್ಲ. ಬೆಲ್ಟ್ ಎರಡು ಸಲ ಬದಲ ಮಾಡಿಸ್ದೆ. ಒಂದು ವಾರ ಸುಮ್ನ ಇರ್ತೈತಿ, ಮತ್ತ ಶುರು. ಯಾರೋ ಸಾಬೂನು ಹಚ್ಚು ಅಂದ್ರು, ಅದನ್ನೂ ಹಚ್ಚೀನಿ. ಬ್ಯಾರೆ ಕಂಪನಿ ಬೆಲ್ಟ್ ಹಾಕ್ಲೇನು?

ಉತ್ತರ – ಮೇಸ್ತ್ರಿ, ದಾವಣಗೆರೆ

ಸ್ವಲ್ಪ ತಾಳಿ ಯಜಮಾನ್ರೇ, ಇನ್ನೊಂದು ಬೆಲ್ಟಿಗೆ ದುಡ್ಡು ಹಾಕಬೇಡಿ. ನೀವು ಬರೆದಿರೋದರಲ್ಲೇ ಎರಡು ಬೇರೆ ಬೇರೆ ಸದ್ದು ಇದೆ. ಉದ್ದಕ್ಕೆ ಎಳೆದ ಹಾಗೆ ಕಿರುಚಿದರೆ ಬೆಲ್ಟು ಪುಲ್ಲಿ (ಬೆಲ್ಟು ಸುತ್ತಿರೋ ಚಕ್ರ) ಮೇಲೆ ಜಾರುತ್ತಿದೆ ಅಂತ ಲೆಕ್ಕ. ಹಕ್ಕಿ ಕೂಗಿದ ಹಾಗೆ ತುಂಡು ತುಂಡಾಗಿ, ರೇಸ್ ಮಾಡಿದಷ್ಟೂ ಬೇಗ ಬೇಗ ಬಂದರೆ ಸಾಮಾನ್ಯವಾಗಿ ಪುಲ್ಲಿಗಳು ಒಂದೇ ಗೆರೆಯಲ್ಲಿ ಇಲ್ಲ. ನಿಮಗೆ ಎರಡೂ ಇರೋ ಹಾಗೆ ಕಾಣುತ್ತೆ. ನಾಲ್ಕು ವಿಷಯ ಹೇಳಿ.

ಬೆಲ್ಟು ಒಂದೋ, ಜೋಡಿಯೋ? ಜೋಡಿ ಆದರೆ ಎರಡನ್ನೂ ಒಟ್ಟಿಗೆ ಬದಲಾಯಿಸಿದಿರಾ? ಸದ್ದು ಶುರುವಾಗೋ ಮುಂಚೆ ಆ ಭಾಗದಲ್ಲಿ ಏನು ಕೆಲಸ ಆಗಿತ್ತು? ಹೆಡ್‌ಲೈಟ್ ಹಾಕಿ ರೇಸ್ ಮಾಡಿದರೆ ಕಿರುಚೋದು ಜಾಸ್ತಿ ಆಗುತ್ತಾ?

ಕೊನೇದು ಒಂದು ಪರೀಕ್ಷೆ. ನೀರಿನ ಬಾಟಲಿ ಮುಚ್ಚಳಕ್ಕೆ ಮೊಳೆಯಲ್ಲಿ ಸಣ್ಣ ತೂತು ಮಾಡಿ. ಇಂಜಿನ್ ಸ್ಲೋನಲ್ಲಿ ಇರುವಾಗ, ದೂರದಿಂದ, ಬೆಲ್ಟಿನ ಒಳಮೈಗೆ ನಾಲ್ಕು ಹನಿ ಚಿಮ್ಮಿಸಿ. ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಮೇಲೆ ನೀರು ಬೀಳಬಾರದು. ಸದ್ದು ಥಟ್ಟನೆ ನಿಂತು ಮತ್ತೆ ಬಂತಾ, ಇಲ್ಲ ಇನ್ನೂ ಜೋರಾಯಿತಾ, ಅದನ್ನ ಹೇಳಿ. ಹೆಗಲ ಮೇಲಿನ ಟವೆಲ್ ತೆಗೆದಿಟ್ಟು, ಲುಂಗಿ ಬದಲು ಪ್ಯಾಂಟ್ ಹಾಕಿಕೊಂಡು ಮಾಡಿ. ತಿರುಗೋ ಫ್ಯಾನ್ ಹತ್ತಿರ ಟವೆಲ್ ತುದಿ ಸಿಕ್ಕಿದರೆ ಕೈ ಹಿಂದೆ ಎಳೆದುಕೊಳ್ಳೋಕೂ ಸಮಯ ಸಿಗಲ್ಲ.

ಮಾಲೀಕ, ಹುಬ್ಬಳ್ಳಿ

ಜೋಡಿ ಬೆಲ್ಟ್ ಅದಾವ್ರೀ. ಒಂದು ಛಲೋ ಕಂಡ್ತು ಅಂತ ಎರಡೂ ಸಲ ಒಂದನ್ನ ಅಷ್ಟ ಬದಲ ಮಾಡಿದ್ದು. ಎರಡು ತಿಂಗಳ ಹಿಂದ ಆಲ್ಟರ್ನೇಟರ್ ಬಿಚ್ಚಿ ವೈಂಡಿಂಗ್ ಮಾಡಿಸಿದ್ವಿ, ಅದಾದ ವಾರಕ್ಕ ಸದ್ದು ಶುರು. ಹೆಡ್‌ಲೈಟ್ ಹಾಕಿ ರೇಸ್ ಮಾಡಿದ್ರ ಜೋರಾಗಿ ಒದರ್ತೈತಿ. ನೀರು ಹಾಕಿದ್ರ ಕಿಚ್ ಕಿಚ್ ನಿಂತ್ತು, ಹತ್ತು ಎಣಿಸೋದ್ರಾಗ ಮತ್ತ ಬಂತು.

ಮೇಸ್ತ್ರಿ, ದಾವಣಗೆರೆ

ಈಗ ರೋಗ ಗೊತ್ತಾಯಿತು. ಒಂದೊಂದಾಗಿ ಹೇಳ್ತೀನಿ.

ಮೊದಲು ಜೋಡಿ ಬೆಲ್ಟಿನ ವಿಷಯ. ಹಳೇ ಬೆಲ್ಟು ಓಡಿ ಓಡಿ ಹಿಗ್ಗಿರುತ್ತೆ, ಪಕ್ಕದ ಮೈ ಸವೆದಿರುತ್ತೆ. ಅದರ ಜೊತೆ ಹೊಸದನ್ನ ಹಾಕಿ ಎಳೆದರೆ ಹೊಸದು ಬಿಗಿಯಾಗುತ್ತೆ, ಹಳೇದು ಸಡಿಲ ಉಳಿಯುತ್ತೆ. ಇಬ್ಬರು ಹೊರಬೇಕಾದ ಮೂಟೆ ಒಬ್ಬನ ತಲೆ ಮೇಲೆ. ಬೆಳಿಗ್ಗೆ ಸೆಲ್ಫ್ ಹೊಡೆದ ಮೇಲೆ ಬ್ಯಾಟರಿ ಕಳೆದುಕೊಂಡ ಚಾರ್ಜನ್ನ ತುಂಬಿಸೋಕೆ ಆಲ್ಟರ್ನೇಟರ್ ಪೂರ್ತಿ ಜೋರಿನಲ್ಲಿ ದುಡಿಯುತ್ತೆ, ಅದಕ್ಕೇ ಪುಲ್ಲಿ ತಿರುಗೋದು ಭಾರ, ಬೆಲ್ಟು ಜಾರಿ ಕಿರುಚುತ್ತೆ. ಎರಡು ನಿಮಿಷದಲ್ಲಿ ಬ್ಯಾಟರಿ ಸ್ವಲ್ಪ ತುಂಬಿದ ಮೇಲೆ ಸುಮ್ಮನಾಗುತ್ತೆ. ಹೆಡ್‌ಲೈಟ್ ಹಾಕಿದಾಗಲೂ ಅದೇ ಕಥೆ. ಮಳೆಗಾಲದ ಬೆಳಗಿನ ತೇವ ಬೇರೆ ಇದಕ್ಕೆ ಸೇರಿಕೊಳ್ಳುತ್ತೆ. ಹಾಗಾಗಿ ಜೋಡಿ ಅಂದರೆ ಜೋಡಿಯಾಗೇ, ಒಂದೇ ನಂಬರಿನ, ಒಂದೇ ಕಂಪನಿಯ ಬೆಲ್ಟು ಹಾಕಬೇಕು.

ಹಳೇ ಬೆಲ್ಟು ಬಿಚ್ಚಿದಾಗ ಕೈಯಲ್ಲಿ ಹಿಡಿದು ನೋಡಿ. ವಿ ಬೆಲ್ಟು ಹಿಡಿಯೋದು ಎರಡು ಪಕ್ಕದಿಂದ, ತಳದಿಂದ ಅಲ್ಲ. ಪಕ್ಕ ಗಾಜಿನ ಹಾಗೆ ಹೊಳೀತಾ ಇದ್ದರೆ ಜಾರಿ ಜಾರಿ ಸುಟ್ಟಿದೆ. ಆಮೇಲೆ ಬೆಲ್ಟು ಕೂರೋ ಪುಲ್ಲಿ ತೋಡಿನ ತಳಕ್ಕೆ ಟಾರ್ಚ್ ಬಿಡಿ. ಅಲ್ಲಿ ಧೂಳು, ಮಸಿ, ತುಕ್ಕು ಇರಬೇಕು. ತಳವೇ ಉಜ್ಜಿದ ಹಿತ್ತಾಳೆ ತಂಬಿಗೆ ಹಾಗೆ ಮಿನುಗುತ್ತಾ ಇದ್ದರೆ ಬೆಲ್ಟು ಕೆಳಗೆ ಕೂತುಬಿಟ್ಟಿದೆ: ಬೆಲ್ಟು ಸವೆದಿದೆ, ಇಲ್ಲ ಪುಲ್ಲಿಯೇ ಸವೆದಿದೆ. ಪುಲ್ಲಿ ಸವೆದಿದ್ದರೆ ಎಷ್ಟು ಹೊಸ ಬೆಲ್ಟು ಹಾಕಿದರೂ ವಾರದ ಬಾಳು. ಸರಿಯಾದ ಬೆಲ್ಟು ಪುಲ್ಲಿಯ ಅಂಚಿಗೆ ಸಮನಾಗಿ, ಇಲ್ಲ ಕೂದಲೆಳೆ ಮೇಲೆ ಕೂರುತ್ತೆ.

ಇನ್ನು ಕಿಚ್ ಕಿಚ್. ನೀರು ಹಾಕಿದಾಗ ಕ್ಷಣ ನಿಂತು ವಾಪಸ್ ಬಂತು ಅಂದಿರಿ, ಅದು ಪುಲ್ಲಿ ಗೆರೆ ತಪ್ಪಿರೋ ಗುರುತು. ಬಿಗಿ ಇಲ್ಲದೆ ಬರೋ ಸದ್ದಾಗಿದ್ದರೆ ನೀರು ಬಿದ್ದ ಕೂಡಲೇ ಜೋರಾಗ್ತಿತ್ತು. ಆಲ್ಟರ್ನೇಟರ್ ಬಿಚ್ಚಿ ಕಟ್ಟಿದ ಮೇಲೆ ಶುರುವಾಗಿದೆ ಅಂದರೆ ನನ್ನ ಅನುಮಾನ ಪೂರ್ತಿ ಅಲ್ಲೇ. ಆಲ್ಟರ್ನೇಟರ್ ಕಾಲಿಗೂ ಬ್ರಾಕೆಟ್ಟಿಗೂ ನಡುವೆ, ಅಥವಾ ಪುಲ್ಲಿ ಹಿಂದೆ, ಒಂದು ಸ್ಪೇಸರ್ ವಾಷರ್ ಇರುತ್ತೆ. ಕಟ್ಟುವಾಗ ಅದು ಬೆಂಚಿನ ಮೇಲೆ ಉಳಿದರೆ ಪುಲ್ಲಿ ಅಷ್ಟೇ ಹಿಂದೆ ಕೂರುತ್ತೆ. ಇಂಜಿನ್ ಬಂದ್ ಮಾಡಿ, ಕೀ ಜೇಬಿಗೆ ಹಾಕಿ, ಉದ್ದದ ಸ್ಟೀಲ್ ಪಟ್ಟಿಯನ್ನ ಕ್ರ್ಯಾಂಕ್ ಪುಲ್ಲಿ (ಇಂಜಿನ್ ನೇರವಾಗಿ ತಿರುಗಿಸೋದು) ಮೈಗೆ ಒತ್ತಿ ಹಿಡಿದು ಆಲ್ಟರ್ನೇಟರ್ ಪುಲ್ಲಿವರೆಗೆ ನೋಡಿ. ಪುಲ್ಲಿ ಅಂಚುಗಳ ದಪ್ಪ ಬೇರೆ ಇದ್ದರೆ ಅಂಚಿಂದ ಅಲ್ಲ, ತೋಡಿನ ನಡುವಿನಿಂದ ಅಳೆಯಿರಿ. ಒಂದು ಅಡಿ ಅಂತರಕ್ಕೆ 2 ಮಿ.ಮೀ. ದಾಟಿದರೆ ನಾನಂತೂ ಬಿಡಲ್ಲ.

ಬೆಲ್ಟು ಬಿಚ್ಚಿರುವಾಗಲೇ ವಾಟರ್ ಪಂಪು, ಆಲ್ಟರ್ನೇಟರ್, ಐಡ್ಲರ್ ಪುಲ್ಲಿ (ಬೆಲ್ಟಿಗೆ ದಾರಿ ತೋರಿಸೋದು) ಮೂರನ್ನೂ ಕೈಯಲ್ಲಿ ತಿರುಗಿಸಿ, ಅಲುಗಾಡಿಸಿ. ಮರಳು ಸಿಕ್ಕಿದ ಹಾಗೆ ಕರಕರ ಅಂದರೆ ಬೇರಿಂಗ್ ಹೋಗಿದೆ. ವಾಟರ್ ಪಂಪಿನ ಕೆಳಗೆ ಸಣ್ಣ ತೂತು ಇರುತ್ತೆ, ಅಲ್ಲಿ ಕೂಲೆಂಟ್ ಒಣಗಿದ ಕಲೆ ಇದೆಯಾ ನೋಡಿ. ಕೂಲೆಂಟ್, ಆಯಿಲ್ ಯಾವುದು ಬೆಲ್ಟಿಗೆ ಹನಿದರೂ ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಹೊಸ ಬೆಲ್ಟು.

ಬಿಗಿ ಮಾಡುವಾಗ ಟಾಮಿ ರಾಡ್ ಹಾಕಿ ಮೈಭಾರ ಬಿಡೋರನ್ನ ದಿನಾ ನೋಡ್ತೀನಿ, ಹೊಟ್ಟೆ ಉರಿಯುತ್ತೆ. ತಿಂಗಳೊಪ್ಪತ್ತಿನಲ್ಲಿ ವಾಟರ್ ಪಂಪ್ ಬೇರಿಂಗ್ ಎದ್ದುಹೋಗುತ್ತೆ. ಎರಡು ಪುಲ್ಲಿ ನಡುವಿನ ಉದ್ದದ ಜಾಗದಲ್ಲಿ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿದರೆ 10–15 ಮಿ.ಮೀ. ಬಗ್ಗಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ.

ಇನ್ನೊಬ್ಬರು – ಚಾಲಕ, ಹೊಸಪೇಟೆ

ಅಣ್ಣಾ, ನಾವು ವರ್ಷಗಟ್ಟಲೆ ಸಾಬೂನು, ಮೇಣದಬತ್ತಿ ಹಚ್ಚಿಕೊಂಡೇ ಓಡಿಸಿದ್ದೀವಿ. ಸದ್ದು ನಿಂತರೆ ಸಾಕಲ್ಲವಾ?

ಮೇಸ್ತ್ರಿ, ದಾವಣಗೆರೆ

ಸಾಕಾಗಲ್ಲ ತಮ್ಮಾ. ಸಾಬೂನು ಸದ್ದನ್ನ ಮುಚ್ಚುತ್ತೆ, ಜಾರೋದನ್ನ ಹೆಚ್ಚಿಸುತ್ತೆ. ಅಂಟು ಸ್ಪ್ರೇ ಹೊಡೆದರೆ ರಸ್ತೆ ಧೂಳು ಅದಕ್ಕೆ ಮೆತ್ತಿಕೊಂಡು ಉಪ್ಪುಕಾಗದದ ಹಾಗೆ ಪುಲ್ಲಿಯನ್ನ ತೇಯುತ್ತೆ. ಈ ಬೆಲ್ಟಿಗೆ ಫ್ಯಾನು, ವಾಟರ್ ಪಂಪು, ಆಲ್ಟರ್ನೇಟರ್ ಮೂರೂ ನೇತುಬಿದ್ದಿವೆ. ಕೆಲವು ಗಾಡಿಗಳಲ್ಲಿ ಏರ್ ಕಂಪ್ರೆಸರ್ ಕೂಡ ಬೆಲ್ಟಿನಿಂದಲೇ ಓಡೋದು. ರಾತ್ರಿ ಲೋಡ್ ಹೊತ್ತು ಅರಬೈಲ್ ಘಾಟ್ ಹತ್ತುವಾಗ ಇದು ಕಿತ್ತರೆ ನೀರು ತಿರುಗಲ್ಲ, ಚಾರ್ಜಿಂಗ್ ಇಲ್ಲ, ಲೈಟು ಮಂಕಾಗುತ್ತಾ ಹೋಗುತ್ತೆ. ಟೆಂಪರೇಚರ್ ಮುಳ್ಳು ನೋಡದೆ ಇನ್ನೊಂದು ತಿರುವು ಹತ್ತಿಸೋಣ ಅಂತ ಎಳೆದು, ಇಂಜಿನ್ ಹೆಡ್ ಬಗ್ಗಿಸಿಕೊಂಡು ನನ್ನ ಶೆಡ್ಡಿಗೆ ಬಂದ ಗಾಡಿಗಳ ಬಿಲ್ಲು ಮಾಲೀಕನ ಕೈಗೆ ಕೊಡೋಕೆ ನನಗೇ ಮನಸ್ಸು ಬರ್ತಿರಲಿಲ್ಲ. ಬೆಲ್ಟು ಕಿರುಚುತ್ತಿದ್ದರೆ ಇನ್ನೂ ಟೈಮ್ ಇದೆ ಅಂತ ತಿಳಿದು ನಿಲ್ಲಿಸಿ ನೋಡಿ.

ಚಾಲಕ, ಹೊಸಪೇಟೆ

ಆಯ್ತಣ್ಣಾ. ಈಗ ನನ್ನ ಹತ್ತಿರ ಇರೋದು ಬಿಎಸ್ 6 ಗಾಡಿ, ಒಂದೇ ಅಗಲ ಬೆಲ್ಟು, ಒಳಗೆ ಸಾಲು ಸಾಲು ಗೆರೆ. ಒಂದು ಬಿರುಕೂ ಇಲ್ಲ, ಆದರೂ ಎಸಿ ಹಾಕಿದರೆ ಕಿರುಚುತ್ತೆ.

ಮೇಸ್ತ್ರಿ, ದಾವಣಗೆರೆ

ಬಿರುಕು ನೋಡಿ ಬೆಲ್ಟು ಅಳೆಯೋದು ಹಳೇ ರಬ್ಬರಿನ ಕಾಲಕ್ಕೆ ಸರಿ. ಈಗಿನ ಇಪಿಡಿಎಂ ಅನ್ನೋ ಕೃತಕ ರಬ್ಬರು ಸುಲಭಕ್ಕೆ ಬಿರಿಯಲ್ಲ, ಟೈರಿನ ಹಾಗೆ ಸವೆಯುತ್ತೆ. ಹೊಸ ಬೆಲ್ಟಿನ ಪಕ್ಕ ಇಟ್ಟು ಗೆರೆಗಳ ಆಳ, ಅಗಲ ಹೋಲಿಸಿ. ಗೆರೆ ಅಗಲವಾಗಿದ್ದರೆ ಬೆಲ್ಟಿನ ಆಯಸ್ಸು ಮುಗಿದಿದೆ. ನಿಮ್ಮ ಗಾಡಿಯಲ್ಲಿ ಬೆಲ್ಟನ್ನ ತಾನೇ ಬಿಗಿ ಹಿಡಿಯೋ ಸ್ಪ್ರಿಂಗ್ ಟೆನ್ಷನರ್ ಇದ್ದರೆ ಸ್ಲೋನಲ್ಲಿ ಅದರ ಕೈಯನ್ನ ಗಮನಿಸಿ. ಸಣ್ಣಗೆ ಅದುರುವುದು ಸಹಜ, ಹಿಂದೆ ಮುಂದೆ ಕುಣಿಯುತ್ತಿದ್ದರೆ ಟೆನ್ಷನರ್ ಬದಲಾಯಿಸಿ.

ಮಾಲೀಕ, ಹುಬ್ಬಳ್ಳಿ

ಮೇಸ್ತ್ರಿ ಅಣ್ಣಾರ, ನೀವು ಹೇಳಿದ್ದ ಖರೇ ಆತು! ಪಟ್ಟಿ ಹಿಡಿದು ನೋಡಿದ್ರ ಆಲ್ಟರ್ನೇಟರ್ ಪುಲ್ಲಿ 4 ಮಿ.ಮೀ. ಹಿಂದ ಕುಂತಿತ್ತು. ಕಾಲಿನ ಬೋಲ್ಟಿನ್ಯಾಗ ವಾಷರ್ ಇರ್ಲೇ ಇಲ್ಲ. ವೈಂಡಿಂಗ್ ಅಂಗಡಿಗೆ ಹೋಗಿ ಕೇಳಿದ್ರ ಅವರಿಗೂ ನೆನಪಿಲ್ಲ. ಲೇತಿನ್ಯಾಗ 4 ಮಿ.ಮೀ. ಸ್ಪೇಸರ್ ಮಾಡಿಸಿ ಹಾಕಿ, ಎರಡೂ ಬೆಲ್ಟ್ ಹೊಸಾವು ಕಟ್ಟಿದ್ವಿ. ಪುಲ್ಲಿಗೆ ಹತ್ತಿದ್ದ ಸಾಬೂನನ್ನ ಒಣ ಅರಿವಿಲೆ ಒರೆಸಿ, ಬ್ರಷ್ ಹಾಕಿ ತಿಕ್ಕೀನಿ. ಇವತ್ತು ಮುಂಜಾನೆ ಮಳಿಯಾಗ ಚಾಲೂ ಮಾಡಿದೆ, ಇಂಜಿನ್ ಸದ್ದು ಬಿಟ್ರ ಬ್ಯಾರೆ ಏನೂ ಇಲ್ಲ. ಬ್ಯಾಟರಿ ಮ್ಯಾಲ ಮೀಟರ್ ಇಟ್ರ 28 ವೋಲ್ಟ್ ತೋರಸ್ತು.

ಮೇಸ್ತ್ರಿ, ದಾವಣಗೆರೆ

ಭಾಳ ಸಂತೋಷ. 24 ವೋಲ್ಟಿನ ಗಾಡಿಗೆ ಆ ಚಾರ್ಜಿಂಗ್ ಸರಿಯಾಗಿದೆ. ಒಂದು ಕೆಲಸ ಮಾತ್ರ ಬಾಕಿ: ಹೊಸ ಬೆಲ್ಟು ಓಡಿ ಪುಲ್ಲಿ ತೋಡಿಗೆ ಕೂತ ಮೇಲೆ ಸ್ವಲ್ಪ ಸಡಿಲ ಆಗುತ್ತೆ. ಅಂಕೋಲಾಕ್ಕೆ ಒಂದು ಟ್ರಿಪ್ ಹೋಗಿ ಬಂದು, ಇಂಜಿನ್ ತಣ್ಣಗಾದ ಮೇಲೆ ಹೆಬ್ಬೆರಳಿಟ್ಟು ಮತ್ತೆ ನೋಡಿ, ಬೇಕಾದಷ್ಟೇ ಎಳೆಯಿರಿ. ಆಲ್ಟರ್ನೇಟರ್ ಕಾಲಿನ ಬೋಲ್ಟುಗಳಿಗೂ ಅವತ್ತೇ ಒಂದು ಸಲ ಪಾನಾ ಹಾಕಿ.